ನೆಲದ ಹೆದರಿಕೆ ಬಿಡಿಸುವ ಜುಬೈದಾತ್ತ

ಹದಿಮೂರನೆಯ ದಿನದ ಊಟ ಮುಗಿಸಿ ನೆಂಟರೆಲ್ಲ ಮೈಸೂರಿನ ರೈಲು ಹತ್ತಿದ್ದಾರೆ. ಮರುದಿನದ ಬೆಳಗು ಮಾಮೂಲಿಯಾಗಿಯೇ ಆಗುತ್ತದೆ. ಬಾಗಿಲಲ್ಲಿ ಹಾಲಿನ ಪ್ಯಾಕೆಟ್ಟಿದೆ. ಒಬ್ಬಳಿಗೆ ಅದು ಹೆಚ್ಚು. ಚಹಾ ಕುಡಿದು, ತಿರುವನಂತಪುರದ ಉಳ್ಳೂರಿನ ಫ್ಲ್ಯಾಟಿನಿಂದ ಇಳಿದು ಪಟ್ಟಂ ಕಡೆಗೆ ನಡೆಯುತ್ತೇನೆ. ಟೆಕ್ನೋಪಾರ್ಕಿನಲ್ಲಿ ಕೆಲಸಕ್ಕಿದ್ದ ನನ್ನ ಗಂಡ ಪ್ರಣವ್ ಇಲಿಜ್ವರದಲ್ಲಿ ತೀರಿಕೊಳ್ಳುವ ಕೆಲವು ವಾರಗಳ ಹಿಂದೆ ಹೇಳಿದ್ದ: "ಪಟ್ಟಂನ ವಾಚನಾಲಯದ ಜಗಲಿಯಲ್ಲಿ ಒಬ್ಬರು ಬೆಳಿಗ್ಗೆ ಬೆಳಿಗ್ಗೆ ಕನ್ನಡದಲ್ಲಿ ಬೈತಾರೆ. ನಿನ್ನ ಪತ್ರಿಕೆಗೆ ಅವರ ಬಗ್ಗೆ ಬರಿ."

ಜಗಲಿಯ ತುಂಬ ಮುದುಕರು ನೆಲದ ಮೇಲೆ ಬಿದ್ದಿದ್ದಾರೆ. ಒಬ್ಬರು ಮಗ್ಗುಲಾಗಿ, ಒಬ್ಬರು ಅಂಗಾತ. ಸೀರೆಯುಟ್ಟ ಒಬ್ಬ ಹೆಂಗಸು ಮೊಣಕೈ ಊರಿ ಸೂರು ನೋಡುತ್ತಿದ್ದಾರೆ. "ಏನಾಯ್ತು?" ಎಂದು ನನ್ನ ಬಾಯಿಂದ ಕನ್ನಡವೇ ಬರುತ್ತದೆ.

"ಎಂತ ಆಗ್ಲಿಕ್ಕುಂಟು? ಯಾರೂ ಸಾಯ್ಲಿಲ್ಲ ಮಾರಾಯ್ತಿ. ಸುಮ್ಮನೆ ಮಲಗಿದ್ದಾರೆ." ತಲೆಗೆ ಬಿಳಿ ತಟ್ಟಂ ಸುತ್ತಿಕೊಂಡ ಕುಳ್ಳನೆಯ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಪ್ರಣವ್ ಹೇಳಿದ ಜುಬೈದಾ ಇವರೇ. ಮಲಗಿದವರ ಬಾಯಲ್ಲಿ ಜುಬೈದಾತ್ತ, ಅಂದರೆ ಜುಬೈದಕ್ಕ; ಬರೀ 'ಇತ್ತ' ಎಂದರೂ ಅಕ್ಕನೇ. ನಾನು ಯಾರೆಂದು ಹೇಳುತ್ತೇನೆ. "ಸುದ್ದಿ ಸಿಕ್ಕಿತ್ತು ಮೋಳೇ," ಎನ್ನುತ್ತಾರೆ. ಮೋಳೇ ಅಂದರೆ ಮಗಳೇ. ಫ್ಲಾಸ್ಕಿನಿಂದ ಹಾಲಿಲ್ಲದ ಕಟ್ಟನ್ ಚಾಯ ಸುರಿದು ಕೊಡುತ್ತಾರೆ.

ಅರುವತ್ತಮೂರರ ಜುಬೈದಾ ಕಲಿಸುವುದು ಒಂದೇ ವಿದ್ಯೆ: ನೆಲಕ್ಕೆ ಇಳಿದು, ನೆಲದಿಂದ ಏಳುವುದು. ಬೆಳಿಗ್ಗೆ ಆರಕ್ಕೆ ಹತ್ತು ಹನ್ನೆರಡು ಮಂದಿ ಸೇರುತ್ತಾರೆ. ಏಳೂವರೆಗೆ ಜಗಲಿ ಗುಡಿಸಿ ಪತ್ರಿಕೆ ಓದುವವರಿಗೆ ಬಿಟ್ಟುಕೊಡಬೇಕು. ಆಮೇಲೆ ಬಸ್ಸು ಹಿಡಿದು ಶ್ರೀಕಾರ್ಯಂ ಕಡೆ ಮೂರು ಮನೆಗಳಿಗೆ ಹೋಗುತ್ತಾರೆ. ಅಲ್ಲಿರುವವರು ಜಗಲಿಯವರೆಗೆ ಬರಲಾಗದವರು, ಮಂಚದಿಂದ ಇಳಿಯಲು ಹೆದರುವವರು.

ಕಾಸರಗೋಡಿನ ಉಪ್ಪಳದಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವರು. ಗಂಡ ಇಸ್ಮಾಯಿಲ್ ತಿರುವನಂತಪುರದ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದರು. ಮಗಳು ಇನ್ನೂ ಚಿಕ್ಕವಳಿದ್ದಾಗಲೇ ಅವರು ತೀರಿಕೊಂಡರು. ಜುಬೈದಾ ಊರಿಗೆ ಮರಳದೆ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದರು. ಕೆಲವು ವರ್ಷಗಳ ಮೇಲೆ ಫಿಸಿಯೋಥೆರಪಿ ವಿಭಾಗದಲ್ಲಿ ರೋಗಿಗಳನ್ನು ಹಿಡಿದು ನಡೆಸುವ ಅಟೆಂಡರ್ ಆದರು. ನಿವೃತ್ತಿಯವರೆಗೂ ಅದೇ ಕೆಲಸ. ಅಲ್ಲಿನ ಡಾಕ್ಟರಮ್ಮ ಹೇಳಿಕೊಟ್ಟದ್ದೇ ತಮ್ಮ ಬಂಡವಾಳ ಎನ್ನುತ್ತಾರೆ.

ಕಲಿಸಬೇಕೆಂದು ಅನಿಸಿದ್ದು ಮಾತ್ರ ಮನೆಯಲ್ಲಿ. "ನನ್ನ ಅತ್ತೆ ಅಡುಗೆಮನೆಯಲ್ಲಿ ಬಿದ್ರು. ಬೆಳಿಗ್ಗೆ ಬಿದ್ದವರು, ನಾನು ಡ್ಯೂಟಿ ಮುಗಿಸಿ ಬರುವಾಗ್ಲೂ ಅಲ್ಲೇ ಇದ್ರು. ಎಲುಬು ಮುರಿದಿರ್ಲಿಲ್ಲ, ರಕ್ತ ಬಂದಿರ್ಲಿಲ್ಲ. ಏಳ್ಲಿಕ್ಕೆ ಗೊತ್ತಿರ್ಲಿಲ್ಲ, ಅಷ್ಟೇ. ಮತ್ತೆ ಅವರು ಮಂಚ ಬಿಟ್ಟು ಇಳೀಲೇ ಇಲ್ಲ. ವಯಸ್ಸಾಗುದಕ್ಕೆ ಯಾರೂ ಹೆದರುದಿಲ್ಲ ಮೋಳೇ. ನೆಲಕ್ಕೆ ಹೆದರುದು."

ನನಗೆ ಮೂವತ್ತೆರಡು. ಪ್ರಣವ್ ನನಗಿಂತ ಮೂರು ತಿಂಗಳು ದೊಡ್ಡವನು. ಅವನು ತೀರಿಕೊಂಡು ಮೂರು ತಿಂಗಳು ಕಳೆದರೆ ನಾನು ಅವನಿಗಿಂತ ದೊಡ್ಡವಳಾಗುತ್ತೇನೆ, ಆಮೇಲೆ ಪ್ರತಿದಿನವೂ ಇನ್ನಷ್ಟು. ನೆಂಟರು ಪಾತ್ರೆ ತೊಳೆಯುತ್ತಿದ್ದಾಗ ಇದು ಹೊಳೆಯಿತು. ಆ ದಿನ ಬರುವುದು ಬೇಡ ಎಂದು ಅಂದಿನಿಂದ ಅನಿಸುತ್ತಿದೆ. ಆದರೆ ಈ ಲೇಖನ ಜುಬೈದಾ ಅವರದು. ಕೆಲವು ವಾರ ನಾನು ಪ್ರತಿ ಬೆಳಿಗ್ಗೆ ಜಗಲಿಗೆ ಹೋಗುತ್ತೇನೆ.

ಅವರ ಪಾಠ ಹೀಗೆ. ಮರದ ನಾಲ್ಕು ಸ್ಟೂಲುಗಳು. ಮೊದಲನೆಯದು ಕುರ್ಚಿಯಷ್ಟು ಎತ್ತರ. ಉಳಿದವು ಒಂದಕ್ಕಿಂತ ಒಂದು ಗಿಡ್ಡ. ಕೊನೆಯದು ಹೆಚ್ಚುಕಡಿಮೆ ಮಣೆ. ಕೈ ಊರದೆ ಕೂತು ಏಳಬೇಕು. ಒಂದರಲ್ಲಿ ಸಲೀಸಾದರೆ ಮುಂದಿನದು. ನಾಲ್ಕೂ ಮುಗಿದ ಮೇಲೆ ನೆಲ. ನೆಲದ ಪಾಠದಲ್ಲಿ ಮಾತ್ರ ಏಳುವುದಕ್ಕೆ ಮುಂಚೆ ಮಲಗುವುದಿದೆ, ನಾನು ಮೊದಲ ದಿನ ಕಂಡದ್ದು ಅದನ್ನೇ.

"ಬಿದ್ದವರೆಲ್ಲ ಮಾಡುವ ತಪ್ಪು ಒಂದೇ. ಯಾರಾದ್ರೂ ನೋಡಿದ್ರಾ ಅಂತ ನಾಚಿಕೆಯಲ್ಲಿ ಗಡಿಬಿಡಿಯಿಂದ ಏಳುದು. ಇನ್ನೊಮ್ಮೆ ಬೀಳುದು ಆಗಲೇ. ಬಿದ್ದ ಮೇಲೆ ಸ್ವಲ್ಪ ಅಲ್ಲೇ ಇರ್ಬೇಕು. ಎಲ್ಲಿ ನೋವುಂಟು ನೋಡ್ಬೇಕು. ಕಾಲಿನ ಬೆರಳು ಆಡಿಸ್ಬೇಕು. ಮತ್ತೆ ಮಗ್ಗುಲಾಗುದು, ಮೊಣಕಾಲಿಗೆ ಬರುದು. ಅವಸರ ಎಂತದು? ನೆಲ ಎಲ್ಲಿಗೂ ಹೋಗುದಿಲ್ಲ."

ಎಪ್ಪತ್ತೊಂದರ ವಿಲ್ಸನ್ ಸಾರ್ ಈ ಜಗಲಿಯ ಹಾಸ್ಯಗಾರ. ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದವರು. "ಸರ್ಕಾರ ನನ್ನನ್ನು ಐವತ್ತೈದಕ್ಕೇ ಮನೆಯಲ್ಲಿ ಕೂರಿಸಿತು. ಈ ಇತ್ತ ಈಗ ಎಬ್ಬಿಸ್ತಾ ಇದ್ದಾಳೆ," ಎಂದು ಮಲಯಾಳದಲ್ಲಿ ನನಗೆ ದೂರು ಹೇಳುತ್ತಾರೆ.

"ಎದ್ದಿದ್ದರೆ ತಾನೇ ಸಾರೇ!" ಎನ್ನುತ್ತಾರೆ ಜುಬೈದಾ. "ಎರಡು ತಿಂಗಳಾಯ್ತು, ಎರಡನೇ ಸ್ಟೂಲಿಗೇ ಅಂಟಿಕೊಂಡಿದ್ದೀರಿ. ಅದಕ್ಕೆ ಬಾಡಿಗೆ ಕೊಡಿ."

ತಮ್ಮ ವಯಸ್ಸಿನ ಮಾತು ಬಂದರೆ ಜುಬೈದಾ ಮೊಣಕಾಲು ತಟ್ಟಿ ತೋರಿಸುತ್ತಾರೆ. "ಇದೂ ಈಗ ಮಾತಾಡ್ಲಿಕ್ಕೆ ಶುರು ಮಾಡಿದೆ. ಕುರ್ಚಿಯಲ್ಲಿ ಕೂತು ನಮಾಜ್ ಮಾಡಿದ್ರೂ ಆಗ್ತದೆ, ದೇವರಿಗೆ ಬೇಜಾರಿಲ್ಲ. ಆದ್ರೆ ಸುಜೂದಿಗೆ ನೆಲಕ್ಕೆ ಹಣೆ ಮುಟ್ಟಿಸಿ ನಾನೇ ಎದ್ದು ನಿಂತ್ರೆ ಒಂದು ಖುಷಿ. ಇವತ್ತೂ ಆಯ್ತಲ್ಲ ಅಂತ. ನಾಳೆಯದ್ದು ನಾಳೆ."

ತಿಂಗಳಿಗೊಮ್ಮೆ ಅವರು ಮಗಳ ಮನೆಗೆ ಕೊಚ್ಚಿಗೆ ಹೋಗುತ್ತಾರೆ. ಕಲೂರಿನ ಆ ಫ್ಲ್ಯಾಟಿನ ಕಾರು ನಿಲ್ಲಿಸುವ ಜಾಗದಲ್ಲೂ ಈಗ ಆರೇಳು ಮಂದಿ ಹಿರಿಯರು ಇವರಿಗಾಗಿ ಕಾಯುತ್ತಾರೆ. ಅಲ್ಲಿ ಸ್ಟೂಲುಗಳಿಲ್ಲ. ಬಕೆಟ್ಟು ಬೋರಲು ಹಾಕಿ ಕೂರಿಸುತ್ತಾರೆ. "ಉಮ್ಮಾ, ಇನ್ನು ಸಾಕು, ಮನೆಯಲ್ಲಿರಿ," ಎನ್ನುತ್ತಾಳಂತೆ ಮಗಳು. "ಮನೆಯಲ್ಲಿದ್ರೆ ನನಗೆ ವಯಸ್ಸಾಗ್ತದೆ ಅಂತ ಹೇಳಿದೆ," ಎಂದು ಜುಬೈದಾ ನಗುತ್ತಾರೆ.

ಪಟ್ಟಂನ ಜಗಲಿಯಲ್ಲೂ ಮೂರನೆಯ ಸ್ಟೂಲಿಲ್ಲ. ಅದರ ಜಾಗದಲ್ಲಿ ಗೋಣಿ ಸುತ್ತಿದ ನಾಲ್ಕು ಇಟ್ಟಿಗೆ. ಕೂತರೆ ಅಲುಗಾಡುತ್ತದೆ. ವಿಲ್ಸನ್ ಸಾರ್ ಅದರ ಮೇಲೆ ಕೂರಲು ಒಪ್ಪುವುದಿಲ್ಲ. ಒಂದು ಬೆಳಿಗ್ಗೆ ನಾನು ಸಹಜವಾಗಿ ಕೇಳುತ್ತೇನೆ, "ಮೂರನೆಯದು ಮುರಿಯಿತಾ?"

"ಮುರಿಯೋದಕ್ಕೇನು? ಆ ಟೆಕ್ನೋಪಾರ್ಕಿನ ಹುಡುಗ ಸ್ಕೂಟರಿನಲ್ಲಿ ಒಯ್ದ," ಎನ್ನುತ್ತಾರೆ ವಿಲ್ಸನ್ ಸಾರ್. "ಅದೇ ಅಳತೆಯಲ್ಲಿ ಕೊಚ್ಚಿಗೊಂದು ಸೆಟ್ ಮಾಡಿಸಿಕೊಡ್ತೇನೆ ಅಂದಿದ್ದ. ಕನ್ನಡದವನು..." ಮಾತು ಅಲ್ಲಿಗೆ ನಿಲ್ಲುತ್ತದೆ. ಜುಬೈದಾ ವಿಲ್ಸನ್ ಸಾರನ್ನು ದುರುಗುಟ್ಟಿ ನೋಡುತ್ತಿದ್ದಾರೆ.

"ನಾನೇ ಎಲ್ಲರಿಗೂ ಹೇಳಿದ್ದೆ, ನಿನ್ನ ಹತ್ರ ಕೇಳ್ಬಾರ್ದು ಅಂತ," ಎನ್ನುತ್ತಾರೆ ಆಮೇಲೆ, ಮೆಲ್ಲಗೆ. "ಸ್ಟೂಲು ಯಾವಾಗಾದ್ರೂ ಬರ್ತದೆ. ಇಟ್ಟಿಗೆ ಉಂಟಲ್ಲ."

ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ, ವಾಷಿಂಗ್ ಮೆಷಿನ್ನಿನ ಪಕ್ಕದಲ್ಲಿ ಆ ಸ್ಟೂಲು ಇದೆ. ಎಲ್ಲಿಂದ ಬಂತು ಎಂದು ನಾನು ಕೇಳಿರಲಿಲ್ಲ. ಅಡಿಭಾಗದಲ್ಲಿ ಪ್ರಣವ್ ಪೆನ್ಸಿಲಿನಿಂದ ಉದ್ದ, ಅಗಲ, ಎತ್ತರ ಬರೆದಿದ್ದಾನೆ. ಅಕ್ಷರ ಅವನದೇ. ಒರೆಸುವುದಿಲ್ಲ. ಮರುದಿನ ಆಟೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಂಗೆ ಹೋಗುತ್ತೇನೆ.

ಜುಬೈದಾ ಜಗಲಿಯ ಮೆಟ್ಟಿಲು ಗುಡಿಸುತ್ತಿದ್ದಾರೆ. ಸ್ಟೂಲನ್ನು ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ಪೊರಕೆ ಗೋಡೆಗೊರಗಿಸುತ್ತಾರೆ. ಕೊಡಬೇಕೆಂದೇ ಬಂದಿದ್ದೇನೆ, ಆದರೆ ಕೈ ಬಿಡುತ್ತಿಲ್ಲ. ಇಷ್ಟು ದಿನ ಯಾರಿಗೂ ಹೇಳದ ಮಾತು ಆಗ ಬರುತ್ತದೆ: "ಇತ್ತಾ, ಬರುವ ತಿಂಗಳು ನಾನು ಅವನಿಗಿಂತ ದೊಡ್ಡವಳಾಗ್ತೀನಿ."

ಅವರು ಮೆಟ್ಟಿಲ ಮೇಲೆ ಕೂರುತ್ತಾರೆ. ನಾನೂ ಕೂರುತ್ತೇನೆ.

"ನನ್ನವರು ಹೋಗುವಾಗ ಅವರಿಗೆ ಮೂವತ್ತಾರು, ನನಗೆ ಮೂವತ್ತೊಂದು. ನಾನು ಮೂವತ್ತೇಳಕ್ಕೆ ಕಾಲಿಟ್ಟ ದಿವ್ಸ ಒಂದು ತುತ್ತೂ ತಿನ್ಲಿಲ್ಲ. ಮೋಸ ಮಾಡಿದ ಹಾಗೆ ಆಯ್ತು ನನಗೆ, ಅವರನ್ನು ದಾರಿಯಲ್ಲಿ ಬಿಟ್ಟು ಬಂದ ಹಾಗೆ."

"ಮರುದಿನ?"

"ಮರುದಿನ ಎಂತ? ಹಸಿವಾಯ್ತು. ನಾಲ್ಕು ಪತ್ತಿರಿ ರೊಟ್ಟಿ ತಿಂದು ಡ್ಯೂಟಿಗೆ ಹೋದೆ." ಅವರ ನಗು ಹಲ್ಲಿಲ್ಲದ ಕಡೆಯಿಂದ ಹೊರಗೆ ಬರುತ್ತದೆ. "ಈಗ ಫೋಟೋದಲ್ಲಿ ನೋಡಿದ್ರೆ ನನ್ನ ಮಗನ ಹಾಗೆ ಕಾಣ್ತಾರೆ ಮಾರಾಯ್ತಿ. ಎಷ್ಟು ಎಳೆಯ ಮುಖ! ಮೊದಲು ಅವರ ಹತ್ರ ಅಳ್ತಿದ್ದೆ. ಈಗ ಬುದ್ಧಿ ಹೇಳ್ತೇನೆ. ಅವರು ನೋಡದ ವಯಸ್ಸೆಲ್ಲ ನಾನು ನೋಡಿದ್ದೇನಲ್ಲ. ಅದರಲ್ಲಿ ಹೆದರುವಂಥದ್ದು ಇಷ್ಟೇ ಇಷ್ಟು ಇತ್ತು."

ಮಾತಿನ ನಡುವೆ ಗೇಟಿನಲ್ಲಿ ಕೊಡೆ ಮಡಚುತ್ತ ವಿಲ್ಸನ್ ಸಾರ್ ಬರುತ್ತಾರೆ. ಸ್ಟೂಲನ್ನು ಕಂಡು, ಮೆಟ್ಟಿಲ ಬಳಿ ಬಂದು ಚಪ್ಪಲಿ ಕಳಚುತ್ತಾರೆ. ಜುಬೈದಾ ಮೆಟ್ಟಿಲಿನಿಂದ ಏಳುತ್ತಾರೆ. ಕೈ ಊರುವುದಿಲ್ಲ.

"ಕೊಡು ಮೋಳೇ," ಎನ್ನುತ್ತಾರೆ. "ಸಾರ್ ಇವತ್ತು ಕೂರ್ತಾರೆ."

ನಾನು ಕೊಡುತ್ತೇನೆ.