ಗೋಡೆ ಒಡೆದ ವರ್ಷದ ಆಟಿ

ಉಪ್ಪಳದಲ್ಲಿ ತಂಗಿಯ ಹೊಸ ಮನೆ ಒಕ್ಕಲಾದ ದಿನ ನನಗೆ ಊಟ ರುಚಿಸಲಿಲ್ಲ. ಅವಳ ಗಂಡ ಗಲ್ಫಿನಲ್ಲಿ ದುಡಿದು ಕಟ್ಟಿಸಿದ ಮನೆ. ಹಾಲ್‌ನಲ್ಲಿ ನಿಂತರೆ ಅಡುಗೆಮನೆ ದಾಟಿ ಹಿತ್ತಲಿನವರೆಗೆ ಕಣ್ಣು ಹೋಗುತ್ತಿತ್ತು. ಅವಳು ಹತ್ತನೆಯಲ್ಲಿ ಓದು ಬಿಟ್ಟವಳು. ನಾನು ನಮ್ಮ ಕುಟುಂಬದಲ್ಲೇ ಮೊದಲು ಡಿಗ್ರಿ ಮಾಡಿದವಳು. ತೆಂಗಿನಮರ ಹತ್ತಿ ನನ್ನನ್ನು ಓದಿಸಿದ ಅಪ್ಪ ಆ ಸರ್ಟಿಫಿಕೇಟನ್ನು ಊರಿಗೆಲ್ಲ ತೋರಿಸಿದ್ದರು. ಬದಿಯಡ್ಕದಲ್ಲಿ ನನ್ನ ಟೀಚರ್ ಸಂಬಳದಿಂದಲೇ ಕಟ್ಟಿದ ಮನೆಗೆ ಮಾತ್ರ ಮಧ್ಯಾಹ್ನವೂ ಟ್ಯೂಬ್‌ಲೈಟ್ ಬೇಕಿತ್ತು.

"ಅಕ್ಕನ ಹಾಲ್‌ನಲ್ಲಿ ಬೆಕ್ಕು ಮಲಗಿದ್ರೆ ತುಳಿದ ಮೇಲೆಯೇ ಗೊತ್ತಾಗುವುದು" ಎಂದು ತಂಗಿ ಎಲ್ಲರೆದುರು ನಕ್ಕಳು.

ಬೇಸಿಗೆಯಲ್ಲಿ ಕೆಲಸದವರನ್ನು ಕರೆಸಿದೆ. ಹಾಲ್‌ಗೂ ಅಡುಗೆಮನೆಗೂ ನಡುವಿನ ಗೋಡೆ ಹೋಯಿತು. ಕತ್ತಲೆಯ ಒಳಕೋಣೆಯೂ ಹೋಯಿತು. "ಅದೊಂದು ಇರಲಿ ಮಗಾ" ಎಂದು ನನ್ನೊಟ್ಟಿಗೇ ಇರುವ ಅಮ್ಮ ಹೇಳಿದ್ದರು. ಯಾರು ಕೇಳುತ್ತಾರೆ? ಎದುರಿನ ಬಾಗಿಲಿಗೂ ಪೂರ್ತಿ ಗಾಜು ಹಾಕಿಸಿ, ಫೋಟೋ ತೆಗೆದು ಮೊದಲು ತಂಗಿಗೇ ಕಳುಹಿಸಿದೆ.

ಆಟಿ ತಿಂಗಳು ಬಂತು. ತೀರಿಹೋದವರಿಗೆ ಬಾಳೆಲೆಯಲ್ಲಿ ಬಡಿಸಿ, ಅವರು ಉಣ್ಣುವಷ್ಟು ಹೊತ್ತು ಬಾಗಿಲೆಳೆದು ಹೊರಗೆ ಕಾಯುವುದು ನಮ್ಮ ಕ್ರಮ. ಅಪ್ಪ ಹೋದಾಗಿನಿಂದ ಅವರಿಗೆ ಬಡಿಸುತ್ತಿದ್ದದ್ದು ನನ್ನ ಮನೆಯ ಆ ಒಳಕೋಣೆಯಲ್ಲಿ. ಅದರಲ್ಲಿ ತಂಗಿಗೆ ಪಾಲಿರಲಿಲ್ಲ. ಅವಳು ನೆಂಟರ ಹಾಗೆ ಬಂದು ಹೋಗುತ್ತಿದ್ದಳು.

ಕೋಳಿಸಾರು ಕುದಿಯುತ್ತಿದ್ದಾಗ ಅಮ್ಮ ಕೇಳಿದರು, "ಮುಚ್ಚಲಿಕ್ಕೆ ಬಾಗಿಲು ಎಲ್ಲುಂಟು?"

"ಪರದೆ ಕಟ್ಟುವ."

"ನಿನ್ನ ಅಪ್ಪ ಎಂತ ಹೋಟೆಲಿಗೆ ಬರುವುದಾ ಮಾರಾಯ್ತಿ?"

"ಹಾಗಾದ್ರೆ ಎದುರಿನ ಬಾಗಿಲು ಮುಚ್ಚಿ ಅಂಗಳದಲ್ಲಿ ನಿಲ್ಲುವ."

"ಗಾಜಿನದ್ದಾ? ಬಸ್ಸಲ್ಲಿ ಹೋಗುವವರೂ ನೋಡಲಿ, ಅವರು ಉಣ್ಣುವುದನ್ನು."

ಅಷ್ಟರಲ್ಲಿ ಅಮ್ಮ ತಂಗಿಗೆ ಫೋನ್ ಹಚ್ಚಿಯಾಗಿತ್ತು.

"ಇಲ್ಲಿಗೇ ಬನ್ನಿ" ಎಂದಳು ಅವಳು. "ಮನೆ ಕಟ್ಟುವಾಗ ಅಮ್ಮ ಹೇಳಿದ್ರಲ್ಲ, ಇದಕ್ಕೇಂತ ಒಂದು ಕೋಣೆ ಹಾಗೇ ಇಟ್ಟಿದ್ದೇನೆ."

ಸಾರಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಉಪ್ಪಳಕ್ಕೆ ಹೋದೆ. ಆ ಬೆಳಕಿನ ಮನೆಯ ಮೆಟ್ಟಿಲ ಹಿಂದೆ ಕಿಟಕಿಯಿಲ್ಲದ ಸಣ್ಣ ಕೋಣೆಯಿತ್ತು. ಒಕ್ಕಲಿನ ದಿನ ಹೊಟ್ಟೆಕಿಚ್ಚಿನಲ್ಲಿ ನನಗದು ಕಂಡಿರಲಿಲ್ಲ. ತಂಗಿ ನಾನು ಮಾಡಿದ ಸಾರು ಬಡಿಸಿ, "ಅಪ್ಪಾ, ಬನ್ನಿ" ಎಂದು ಕರೆದು ಬಾಗಿಲೆಳೆದಳು. ನನ್ನನ್ನು ಓದಿಸಿದ ಅಪ್ಪ ಅವಳ ಮನೆಯಲ್ಲಿ ಉಣ್ಣುತ್ತಿದ್ದರು. ನಾನು ಹೊರಗೆ ನೆಂಟರ ಹಾಗೆ ಕುಳಿತಿದ್ದೆ.

"ಬಾಗಿಲು ನೀನೇ ತೆಗಿ ಅಕ್ಕಾ" ಎಂದಳು. ನಾನು ಏಳಲಿಲ್ಲ.

ಮರುವಾರ ಬಡಗಿಯನ್ನು ಕರೆಸಿದೆ.

"ಇಲ್ಲಿ ಪುನಃ ಕೋಣೆ ಮಾಡಿದ್ರೆ ಬೆಳಕು ಹೋಗ್ತದಲ್ಲ ಟೀಚರೇ?"

"ಹೋಗಲಿ" ಎಂದೆ. "ಬಾಗಿಲು ಹಲಸಿನ ಮರದ್ದೇ ಆಗಬೇಕು. ತಂಗಿಯದ್ದು ಬರೀ ಪ್ಲೈವುಡ್."