ಎಂಟು ಗುಂಡಿ, ಒಂಬತ್ತನೆಯ ಪ್ರಶ್ನೆ

ಬೆಳಗಿನ ಐದೂವರೆ. ಕಾಮಾಕ್ಷಿಪಾಳ್ಯದ ತಗಡು ಒತ್ತುವ ಪವರ್ ಪ್ರೆಸ್‌ಗಳು ಇನ್ನೂ ಸದ್ದು ಶುರು ಮಾಡಿಲ್ಲ. ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಶಿವಯೋಗಿ ತಮ್ಮ ಅಕ್ಕ ದಾನಮ್ಮನ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಅಕ್ಕನ ಬಲಗೈ ಹೆಬ್ಬೆರಳಿನ ಕೆಳಗೆ ಟಿವಿ ಗೇಮಿನ ಹಳೆಯ ರಿಮೋಟ್ ಇದೆ. ಹದಿನೈದು ವರ್ಷದ ಹಿಂದೆ ಮಕ್ಕಳು ಕಿತ್ತಾಡಿಕೊಂಡು ಹಿಡಿಯುತ್ತಿದ್ದಂಥದ್ದೇ. ದಾನಮ್ಮ ಒತ್ತುತ್ತಾರೆ, ಗೋಡೆಯ ಮೇಲಿನ ಡಬ್ಬಿ ಕಿರ್ರೆನ್ನುತ್ತದೆ. ಆಮೇಲೆ ಶಿವಯೋಗಿ, ಹೊಸಬರು ನೋಡಿದರೆ ತಲೆ ಕೆಟ್ಟಿದೆಯೇ ಎಂದುಕೊಳ್ಳುವಂಥ ಕೆಲಸ ಮಾಡುತ್ತಾರೆ. ರಿಮೋಟಿನ ವೈರನ್ನು ಡಬ್ಬಿಯಿಂದ ಕಿತ್ತೇ ಬಿಡುತ್ತಾರೆ. ಎರಡು ಸೆಕೆಂಡ್ ಮೌನ. ಅಷ್ಟರಲ್ಲಿ ಡಬ್ಬಿ ಇಡೀ ವಠಾರ ಏಳುವಂತೆ ಅರಚಿಕೊಳ್ಳುತ್ತದೆ.

“ಕೇಳಿಸ್ತೇನಕ್ಕಾ?” ಎನ್ನುತ್ತಾರೆ. ದಾನಮ್ಮ ಕಣ್ಣು ಮುಚ್ಚಿ ತೆರೆಯುತ್ತಾರೆ. ವೈರು ಮತ್ತೆ ಜಾಗಕ್ಕೆ ಹೋಗುತ್ತದೆ. ಇನ್ನು ಶಿವಯೋಗಿಗೆ ಮೊಬೈಲ್ ಮುಂದಿಟ್ಟುಕೊಂಡು ಕಾಯುವ ಕೆಲಸ.

ಕಾಯುವುದು ಮಿಸ್ಡ್ ಕಾಲ್‌ಗಳಿಗೆ. ರಾಜಾಜಿನಗರ, ಹೊಸಹಳ್ಳಿ, ಸುಂಕದಕಟ್ಟೆ, ಕೆಂಗೇರಿ ಎಂದು ಹನ್ನೊಂದು ಮನೆಗಳಲ್ಲಿ ಅವರು ಮಾಡಿಕೊಟ್ಟ ಇಂಥದೇ ಡಬ್ಬಿಗಳಿವೆ. ಹನ್ನೊಂದೂ ಮನೆಯಲ್ಲಿ ಹಾಸಿಗೆ ಹಿಡಿದವರೊಬ್ಬರಿದ್ದಾರೆ. ಪ್ರತಿ ಬೆಳಿಗ್ಗೆ ಮನೆಯವರು ವೈರು ಕಿತ್ತು, ಡಬ್ಬಿ ಅರಚಿದ್ದನ್ನು ಕೇಳಿಸಿಕೊಂಡು, ಶಿವಯೋಗಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಡಬ್ಬಿ ಕೊಡುವಾಗ ಅವರು ಹಾಕುವ ಷರತ್ತು ಇದೊಂದೇ. ಏಳು ಗಂಟೆಯೊಳಗೆ ಯಾವ ಮನೆಯ ಕರೆ ಬರಲಿಲ್ಲವೋ ಆ ಮನೆಗೆ ಸೈಕಲ್ ಹೊರಡುತ್ತದೆ. ಕೆಂಗೇರಿಗೂ ಸೈಕಲ್ಲೇ ಎಂದು ಕೇಳಿದರೆ, “ಅಲ್ಲಿಗೆ ಬಸ್ ಇದೆಯಲ್ಲ ಸಾರ್” ಎನ್ನುತ್ತಾರೆ, ಇದೇನು ದೊಡ್ಡ ವಿಷಯ ಎಂಬಂತೆ.

ಶಿವಯೋಗಿಗೆ ಈಗ, ಎರಡು ಸಾವಿರದ ಹತ್ತರಲ್ಲಿ, ಮೂವತ್ತೇಳು. ಗಜೇಂದ್ರಗಡದ ಕಡೆಯಿಂದ ತೊಂಬತ್ತಮೂರರಲ್ಲಿ ಅಕ್ಕನ ಜೊತೆ ಬಂದವರು. ಅಕ್ಕ ಗಾರ್ಮೆಂಟ್ಸ್‌ನ ಚೆಕಿಂಗ್ ಸೆಕ್ಷನ್ ಸೇರಿದರು, ತಮ್ಮ ಇದೇ ಅಂಗಡಿಯಲ್ಲಿ ನಾಲ್ಕು ಟಿವಿ ಇಟ್ಟು ಗಂಟೆ ಲೆಕ್ಕದಲ್ಲಿ ಗೇಮ್ ಆಡಿಸತೊಡಗಿದರು. ಬೇಸಿಗೆ ರಜೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲವಂತೆ. ಆಮೇಲೆ ಸೈಬರ್ ಸೆಂಟರ್‌ಗಳು ಬಂದವು, ಮಕ್ಕಳು ಹೇಳದೆ ಕೇಳದೆ ಅಲ್ಲಿಗೆ ಹೋದರು. ಉಳಿದದ್ದು ಎರಡು ರಟ್ಟಿನ ಪೆಟ್ಟಿಗೆ ತುಂಬ ರಿಮೋಟ್‌ಗಳು, ಜೊತೆಗೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿಯ ಬದುಕು.

ಎರಡು ಸಾವಿರದ ನಾಲ್ಕರಲ್ಲಿ ದಾನಮ್ಮ ಕೆಲಸಕ್ಕೆ ಹೋಗುವ ವ್ಯಾನಿನಿಂದ ಇಳಿಯುವಾಗ ಬಿದ್ದರು. ಕುತ್ತಿಗೆಗೆ ಪೆಟ್ಟಾಯಿತು. ಬಲಗೈಯ ಹೆಬ್ಬೆರಳು, ಒಂದು ಸಣ್ಣ ದನಿ, ಇಷ್ಟೇ ಉಳಿಯಿತು. ಆ ದನಿಯೂ ಬೆಳಗಿನ ಹೊತ್ತು ಮಾತ್ರ ಕೇಳುತ್ತದೆ. ಎಂಟು ಗಂಟೆಗೆ ಪಕ್ಕದ ಶೆಡ್ಡಿನ ಪ್ರೆಸ್ ಶುರುವಾದರೆ ಮಂಚಕ್ಕೂ ಅಂಗಡಿಗೂ ನಡುವಿನ ಹತ್ತಡಿ ದಾಟುವುದಿಲ್ಲ. ಒಮ್ಮೆ ಮಧ್ಯಾಹ್ನ ಊಟಕ್ಕೆಂದು ಒಳಗೆ ಹೋದಾಗ ಅಕ್ಕನ ದಿಂಬು ಕಣ್ಣೀರಿನಿಂದ ಒದ್ದೆಯಾಗಿತ್ತು. ಮೂರು ಗಂಟೆ ಕಾಲ ನೀರು ಕೇಳಿದ್ದರಂತೆ. ಅದನ್ನು ಹೇಳುವಾಗ ಶಿವಯೋಗಿ ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿಯನ್ನು ಕೆಳಗಿಡುತ್ತಾರೆ.

ಕಾಲಿಂಗ್ ಬೆಲ್ಲಿನ ಗುಂಡಿ ಒತ್ತುವಷ್ಟು ಬಲ ಆ ಬೆರಳಿಗಿರಲಿಲ್ಲ. ಗೇಮ್ ರಿಮೋಟಿನ ರಬ್ಬರ್ ಗುಂಡಿ ಮೆತ್ತಗೆ ಮುಟ್ಟಿದರೂ ಕೂರುತ್ತದೆ. ಆ ಹೊತ್ತಿಗೆ ಪಾಲಿಟೆಕ್ನಿಕ್ ಒಂದರ ಲ್ಯಾಬಿನಲ್ಲಿ ಪಾಠ ಮಾಡುವ ಉಮಾಶ್ರೀ ಎಂಬವರು ಬೋರ್ಡ್‌ಗಳ ಬೆಸುಗೆಗೆ ಅಂಗಡಿಗೆ ಬರುತ್ತಿದ್ದರು. ಹವ್ಯಾಸಿಗಳು ಬಳಸುವ, ಪುಟ್ಟ ಕಂಪ್ಯೂಟರಿನಂಥ, ಅಂಗೈಯಗಲದ ಮೈಕ್ರೊಕಂಟ್ರೋಲರ್ ಬೋರ್ಡನ್ನು ತೋರಿಸಿ, ರಿಮೋಟಿನ ಮಾತು ಇದಕ್ಕೆ ಅರ್ಥವಾಗುತ್ತದೆ ಎಂದವರು ಅವರೇ. ಮೊದಲ ಪ್ರೋಗ್ರಾಂ ಬರೆದುಕೊಟ್ಟು, ಬರೆಯುವುದನ್ನೂ ಕಲಿಸಿದರು.

“ರಿಮೋಟ್ ತಾನಾಗೇ ಏನೂ ಹೇಳಲ್ಲ ಸಾರ್. ಬೋರ್ಡು ಕೇಳ್ಬೇಕು. ಮೊದಲ್ನೇ ಗುಂಡಿ ಒತ್ತಿದೀಯಾ, ಎರಡ್ನೇದು ಒತ್ತಿದೀಯಾ ಅಂತ ಸಾಲಾಗಿ ಎಂಟು ಪ್ರಶ್ನೆ. ಸೆಕೆಂಡಿಗೆ ಐವತ್ತು ಸಲ ಕೇಳ್ತಾನೇ ಇರುತ್ತೆ” ಎಂದು ಶಿವಯೋಗಿ ವಿವರಿಸುತ್ತಾರೆ. ಒಳಗೆ ಐದು ವೈರುಗಳಿವೆ, ಬಣ್ಣ ಮಾತ್ರ ನಂಬುವಂತಿಲ್ಲ. ಒಂದು ರಿಮೋಟಿನಲ್ಲಿ ಕರೆಂಟ್ ತರುವ ಕೆಂಪು ಇನ್ನೊಂದರಲ್ಲಿ ಅರ್ತಿಂಗಿಗೆ ಸೇರಿರುತ್ತದೆ. ಹೀಗೆ ನಾಲ್ಕು ಸುಟ್ಟ ಮೇಲೆ ಪ್ರತಿಯೊಂದನ್ನೂ ಬಿಚ್ಚಿ, ಮೀಟರ್ ಇಟ್ಟು ನೋಡದೆ ಅವರು ಮುಟ್ಟುವುದಿಲ್ಲ. ಅಕ್ಕನಿಗೆ ಒಂದಾಯಿತು. ನೋಡಿದವರು ತಮ್ಮ ಮನೆಗೂ ಕೇಳಿದರು. ಎರಡು ವರ್ಷದಲ್ಲಿ ಐದು ಡಬ್ಬಿಗಳು ಹೋದವು.

ಐದನೆಯದು ಬಸವೇಶ್ವರನಗರದ ಶ್ಯಾಮಸುಂದರ ಅವರ ಮನೆಗೆ. ಪಾರ್ಶ್ವವಾಯು ಹೊಡೆದು ಮಾತು ನಿಂತಿದ್ದವರು. ಪತ್ನಿ ಸತ್ಯವತಿ ಗಣಿತದ ಟೀಚರ್, ಗಂಡನಿಗಾಗಿ ರಜೆ ಹಾಕಿ ಕೂತಿದ್ದರು. ಕಳೆದ ವರ್ಷ ಆಗಸ್ಟಿನ ಒಂದು ಬೆಳಿಗ್ಗೆ ಅವರು ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದ್ದಾಗ ಶ್ಯಾಮಸುಂದರ ಅವರಿಗೆ ಗಂಟಲಲ್ಲಿ ಕಫ ಕಟ್ಟಿತು. ಸತ್ಯವತಿ ಬಂದು ನೋಡಿದಾಗ ಎಲ್ಲ ಮುಗಿದಿತ್ತು. ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು.

ಮಿಕ್ಸಿಯ ಸದ್ದಿನಲ್ಲಿ ಡಬ್ಬಿ ಕೂಗಿದ್ದು ತಮಗೆ ಕೇಳಿಸಲಿಲ್ಲ ಎಂದೇ ಅವರು ಬಂದವರೆದುರು ಹೇಳಿಕೊಂಡು ಅತ್ತರು. ಮಾತಾಡಿಸಲು ಹೋದ ಶಿವಯೋಗಿಯ ಕೈಗೆ ಡಬ್ಬಿ ಕೊಟ್ಟು, ಬೇರೆ ಯಾರಿಗಾದರೂ ಆಗಲಿ ಎಂದರು.

ಅಂಗಡಿಗೆ ತಂದು ಬಿಚ್ಚಿದರು. ವೈರಿನ ಮೇಲ್ಪದರ ನೆಟ್ಟಗಿತ್ತು, ಒಳಗೆ ಉತ್ತರ ತರುವ ಎಳೆ ತುಂಡಾಗಿತ್ತು. ಮೈ ಒರೆಸಲೆಂದು ದಿನಾ ಇಳಿಸುತ್ತಿದ್ದ ಮಂಚದ ಕಂಬಿ ಅದನ್ನು ಕಚ್ಚಿ ಕಚ್ಚಿ ತುಂಡರಿಸಿತ್ತು. ಎಳೆ ತುಂಡಾದರೆ ಎಂಟು ಪ್ರಶ್ನೆಗೂ ಬೋರ್ಡಿಗೆ ಸಿಗುವುದು ಒಂದೇ ಉತ್ತರ: ಒತ್ತಿಲ್ಲ. ರೋಗಿ ಸುಖವಾಗಿ ಮಲಗಿದ್ದರೂ ಅದೇ, ಪ್ರಾಣ ಹೋಗುವಂತೆ ಒತ್ತುತ್ತಿದ್ದರೂ ಅದೇ.

ಹನ್ನೊಂದು ದಿನ ಶಿವಯೋಗಿ ಬಾಯಿ ಬಿಡಲಿಲ್ಲ. ವಿಷಯ ಬೇರೆ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ತಮ್ಮನಿಗೆ ಊಟ ಸೇರದ್ದನ್ನು ಅಕ್ಕ ಮಂಚದಿಂದಲೇ ಗಮನಿಸಿದರು, ಕೇಳಿದರು, ಕೇಳಿಸಿಕೊಂಡರು. “ಹೋಗಿ ಹೇಳಿ ಬಾ. ಆಕಿ ತನ್ನ ಮ್ಯಾಲ ಹಾಕ್ಕೊಂಡು ಕೂತಾಳ” ಎಂದರು. ಅಷ್ಟು ಉದ್ದದ ಮಾತಾಡಿ ಅವರಿಗೆ ಅರ್ಧ ಗಂಟೆ ಉಸಿರು ಹತೋಟಿಗೆ ಬರಲಿಲ್ಲ.

ಹೋದರು. ಬಾಗಿಲಲ್ಲೇ ನಿಂತು ಹೇಳಿದರು. “ನಿಮಗೆ ಕೇಳಿಸ್ಲಿಲ್ಲ ಅಂತಲ್ಲ ಮೇಡಂ. ಅದು ಹೊಡೀಲೇ ಇಲ್ಲ. ತಪ್ಪು ನಂದು.”

ಸತ್ಯವತಿ ಬೈಯಲಿಲ್ಲ, ಅಳಲೂ ಇಲ್ಲ. ಒಂದೇ ಪ್ರಶ್ನೆ ಕೇಳಿದರು. “ವೈರ್ ಕಟ್ ಆಗಿದ್ರೆ ಗೊತ್ತಾಗೋ ಹಾಗೆ ಮಾಡಕ್ಕಾಗಲ್ವಾ?” ಮಾಡಬಹುದಿತ್ತೇನೋ, ತನಗೆ ಹೊಳೆಯಲಿಲ್ಲ ಎಂದರು ಶಿವಯೋಗಿ. ಬಾಗಿಲು ಮುಚ್ಚಿತು.

ಆ ಪ್ರಶ್ನೆ ತಲೆಯಲ್ಲಿ ಕೂತು ತಿಂದಿತು. ಬೇರೆ ಡಬ್ಬಿಗಳನ್ನೆಲ್ಲ ವಾಪಸ್ ತಂದರು. ತಿಂಗಳು ಕಳೆದ ಮೇಲೆ, ಗುಂಡಿಗಳು ಎಂಟೇ ಆದರೂ ಒಂಬತ್ತನೆಯ ಸಲ ಕೇಳಿದರೆ ರಿಮೋಟ್ ಏನು ಮಾಡುತ್ತದೆ ಎಂದು ನೋಡಿದರು. ಒಳ್ಳೆಯ ರಿಮೋಟ್ ಆದರೆ, ಇಲ್ಲದ ಆ ಒಂಬತ್ತನೆಯ ಗುಂಡಿಯನ್ನೂ ‘ಒತ್ತಿದೆ’ ಎನ್ನುತ್ತದೆ. ವೈರು ತುಂಡಾಗಿದ್ದರೆ ಆ ಉತ್ತರ ಬರುವುದಿಲ್ಲ. “ಒಂಬತ್ತನೇದು ಗುಂಡಿ ಪ್ರಶ್ನೆ ಅಲ್ಲ ಸಾರ್. ಇದೀಯಾ ಅಂತ ಕೇಳೋದು. ಇದೀನಿ ಅನ್ಲಿಲ್ಲ ಅಂದ್ರೆ ಡಬ್ಬಿ ಕಿರುಚುತ್ತೆ.” ಪ್ರೋಗ್ರಾಮಿಗೆ ಸೇರಿದ್ದು ನಾಲ್ಕೇ ಸಾಲು. ನಾಲ್ಕು ಸಾಲು ಮೊದಲೇ ಬರೆದಿದ್ದರೆ ಎಂಬುದನ್ನು ಅವರು ದಿನಕ್ಕೆಷ್ಟು ಸಲ ಅಂದುಕೊಳ್ಳುತ್ತಾರೋ, ಮುಖ ನೋಡಿದರೆ ತಿಳಿಯುತ್ತದೆ.

ಅಗ್ಗದ ನಕಲು ರಿಮೋಟ್‌ಗಳಲ್ಲಿ ಹಲವು ಒಂಬತ್ತನೆಯದಕ್ಕೆ ಬಾಯಿ ಬಿಡುವುದಿಲ್ಲ. ಎರಡು ಪೆಟ್ಟಿಗೆ ಜಾಲಾಡಿದರೆ ಸಿಕ್ಕಿದ್ದು ಹತ್ತೊಂಬತ್ತು. ಈಗ ಉಳಿದಿರುವುದು ಏಳು. ಕೇಳಿ ಬರುವವರು ಅದಕ್ಕಿಂತ ಹೆಚ್ಚಿದ್ದಾರೆ. ಗುಜರಿಯಲ್ಲಿ ಹುಡುಕುತ್ತಾರೆ, ಸಿಗುವುದು ಕಡಿಮೆ.

ಮಿಸ್ಡ್ ಕಾಲಿನ ಪದ್ಧತಿ ಶುರುವಾದದ್ದೂ ಆಗಲೇ. ಡಬ್ಬಿಯನ್ನೂ ಪೂರ್ತಿ ನಂಬಬಾರದು ಎಂದು. ಎಲ್ಲ ಮನೆಗೂ ಹೇಳಿದ ಮೇಲೆ ಸತ್ಯವತಿ ಅವರಿಗೂ ಒಂದು ಫೋನ್ ಮಾಡಿದರು. ನೀವು ಕೇಳಿದ್ದು ಆಯಿತು ಮೇಡಂ ಎಂದು ಒಂಬತ್ತನೆಯ ಪ್ರಶ್ನೆಯನ್ನೂ ಬೆಳಗಿನ ಕರೆಯನ್ನೂ ವಿವರಿಸಿದರು. ಹೇಳಿ ಮುಗಿಸಿದ್ದೇ ಆ ಕಡೆಯಿಂದ ಲೈನ್ ಕಟ್ಟಾಯಿತು.

ಈ ಬೆಳಿಗ್ಗೆ ಹನ್ನೊಂದನೆಯ ಕರೆ, ಹೊಸಹಳ್ಳಿಯದು, ಆರೂ ಮುಕ್ಕಾಲಿಗೆ ಬಂತು. ಪಟ್ಟಿ ಮುಗಿಯಿತು. ಆದರೂ ಶಿವಯೋಗಿ ಏಳುವುದಿಲ್ಲ. ಏಳು ಗಂಟೆಗೆ ಹತ್ತು ನಿಮಿಷವಿರುವಾಗ ಫೋನ್ ಒಂದು ಸಲ ಕೂಗಿ ನಿಲ್ಲುತ್ತದೆ. ಬಸವೇಶ್ವರನಗರದ ನಂಬರ್. ಡಬ್ಬಿಯೂ ಇಲ್ಲದ, ಗುಂಡಿ ಒತ್ತುವವರೂ ಇಲ್ಲದ ಮನೆ. ಸತ್ಯವತಿ ಅವರ ಫೋನ್ ಕಟ್ಟಾದ ಮರುದಿನದಿಂದ ಈ ಕರೆ ಒಂದು ದಿನವೂ ತಪ್ಪಿಲ್ಲ.

“ಯಾಕೆ ಅಂತ ಕೇಳಿಲ್ಲ ಸಾರ್, ಕೇಳೋ ಮುಖ ಇಲ್ಲ. ಕ್ಷಮಿಸಿದಾರೆ ಅಂತಲೂ ಅಂದ್ಕೊಂಡಿಲ್ಲ” ಎನ್ನುತ್ತಾ ಅವರು ಅಂಗಡಿಯ ಬಾಗಿಲು ಎತ್ತುತ್ತಾರೆ. “ಬರದೇ ಇದ್ರೆ ಮಾತ್ರ ಸೈಕಲ್ ತಗೊಂಡು ಹೋಗ್ತೀನಿ.”