ತಮ್ಮನಿಗೆ ತಪ್ಪಿದ ಹನಿ

ಆಗೆಲ್ಲ ಮಾನ್ವಿಯಲ್ಲಿ ಹೊಸ ಮಳೆ ಬಂತೆಂದರೆ ನಾವು ಮಕ್ಕಳು ಕುಣಿಯುತ್ತಿದ್ದೆವು, ಹಿರಿಯರು ಕುಡಿಯುವ ನೀರಿಗೆ ಹೆದರುತ್ತಿದ್ದರು. ಎಂಬತ್ತರ ದಶಕದ ಶುರುವಿನ ಮಾತು. ಅಂಥದೊಂದು ಮಳೆಗಾಲದಲ್ಲಿ ಊರಿಗೆ ಕಾಲರಾ ಬಂತು. ನಾನು ಮೂರನೆಯ ಇಯತ್ತೆ. ತಮ್ಮ ಬಸ್ಯಾ ಇನ್ನೂ ತೊಟ್ಟಿಲಲ್ಲಿದ್ದ. ತಿಂಗಳಿಗೊಮ್ಮೆ ನರ್ಸಮ್ಮ ನಮ್ಮ ಓಣಿಯ ಕಟ್ಟೆಗೆ ಬಂದು ಕೂಸುಗಳಿಗೆ ಸೂಜಿ ಚುಚ್ಚಿ, ಬಾಯಿಗೆ ಪೋಲಿಯೊ ಹನಿ ಹಾಕುತ್ತಿದ್ದರು. ಬಸ್ಯಾನಿಗೆ ಒಂದು ಸಲ ಮಾತ್ರ ಆಗಿತ್ತು. ಆ ತಿಂಗಳು ಕಟ್ಟೆ ಖಾಲಿ. ನರ್ಸಮ್ಮನನ್ನು ಕಾಲರಾ ಕೆಲಸಕ್ಕೆ ಹಾಕಿದ್ದರು.

ಓಣಿ ತುಂಬ ಬ್ಲೀಚಿಂಗ್ ಪುಡಿಯ ಘಾಟು. ಅವ್ವ ಕುದಿಸಿದ ನೀರು ಹೊಗೆ ವಾಸನೆ ಹೊಡೆಯುತ್ತಿತ್ತು, ಅದನ್ನೇ ಕುಡಿಯಬೇಕು. ಸಂತೆಯ ಮಿರ್ಚಿ ಭಜಿ ಬಂದ್. ಬಿಸಿ ರೊಟ್ಟಿ, ಪುಂಡಿಪಲ್ಯ ತಿಂದು, ಬಾಗಿಲು ಹಾಕಿಕೊಂಡು ಒಬ್ಬಳೇ ಕಲ್ಲು ಎಸೆದು ಹಿಡಿಯುವ ಅಣ್ಣೆಕಲ್ಲು ಆಡುತ್ತಿದ್ದೆ. ಹೊರಗೆ ಯಾರನ್ನಾದರೂ ಬಂಡಿಯಲ್ಲಿ ಒಯ್ಯುವ ಸದ್ದಾದರೆ ಕಲ್ಲು ಕೈಯಲ್ಲೇ ಉಳಿಯುತ್ತಿತ್ತು. ಹೊಟ್ಟೆ ಸ್ವಲ್ಪ ಗುಡುಗುಟ್ಟಿದರೂ ಇವತ್ತು ನಾನು ಸತ್ತೆ ಅಂದುಕೊಳ್ಳುತ್ತಿದ್ದೆ.

ಪಕ್ಕದ ಮನೆಯ ಖಾಲಾ, ಓಣಿಗೆಲ್ಲ ಬಳೆ ತೊಡಿಸುವವಳು, ಕಿಟಕಿಯಿಂದಲೇ ಅವ್ವನನ್ನು ಕೂಗಿದಳು: “ನರ್ಸಮ್ಮ ಈಕಡಿ ಬರಂಗಿಲ್ಲ ಬೇ. ನೀನ ದವಾಖಾನಿಗಿ ಒಯ್ದು ಹನಿ ಹಾಕಿಸ್ಕೊಂಡು ಬಾ.”

ಅವ್ವ ಬಸ್ಯಾನನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು, ನಾನು ಹಿಂದೆ. ದವಾಖಾನೆಯ ಪಡಸಾಲೆಯಲ್ಲಿ ಚಾಪೆಗೆ ಚಾಪೆ ಹತ್ತಿಸಿ ಜನ ಮಲಗಿದ್ದರು. ನಮ್ಮ ಶಾಲೆಯ ಗಂಟೆ ಹೊಡೆಯುವ ತಾತ ಕಣ್ಣು ಗುಳಿಬಿದ್ದು ಗುರುತೇ ಸಿಗದಂತಾಗಿದ್ದ. ನರ್ಸಮ್ಮ ಗೇಟಿಗೇ ಓಡಿ ಬಂದರು.

“ಕೂಸಿನ್ನ ಒಳಗ ತರಬ್ಯಾಡ್ರಿ! ಹನಿ ಈಗಿಲ್ಲ ಯವ್ವಾ. ಹನಿ ತಣ್ಣಗ ಇಡೋ ಐಸ್ ಪೆಟ್ಟಿಗಿ ಸುದ್ದಾ ಕಾಲರಾ ಸೂಜಿಗಿ ಒಯ್ದಾರ. ಈ ಬ್ಯಾನಿ ಹೋಗ್ಲಿ, ನಾನ ನಿಮ್ಮ ಮನಿಗಿ ಬಂದು ಹಾಕ್ತೀನಿ.”

“ತಡಾ ಆದ್ರ ಏನಾರ ಆಗ್ತದೇನ್ರಿ?”

ಅಷ್ಟರಲ್ಲಿ ಒಳಗೆ ಯಾರೋ ಕಿರುಚಿದರು, ನರ್ಸಮ್ಮ ಓಡಿದರು. ಅವ್ವ ಗೇಟು ಹಿಡಿದು ನಿಂತೇ ಇದ್ದಳು. ನನಗೋ ಅಲ್ಲಿಂದ ಕಾಲ್ಕಿತ್ತರೆ ಸಾಕಾಗಿತ್ತು.

ಕಾಲರಾ ಇಳಿಯಿತು. ಅದರ ಬೆನ್ನಿಗೇ ಬಸ್ಯಾನಿಗೆ ಜ್ವರ ಬಂತು. ಜ್ವರ ಬಿಟ್ಟ ಮೇಲೆ ಅವ್ವ ಅವನನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚತೊಡಗಿದಳು. ಬಲಗಾಲು ಒದೆಯುತ್ತಿತ್ತು, ಎಡಗಾಲು ಬಿದ್ದಲ್ಲೇ ಬಿದ್ದಿತ್ತು.

“ಒದಿಯೋ ನನ್ನಪ್ಪಾ, ಒಮ್ಮಿ ಒದಿ,” ಎಂದು ಅವ್ವ ಅಂಗಾಲಿಗೆ ಕಚಗುಳಿ ಇಟ್ಟಳು. ಅವನು ಕಿಲಕಿಲ ನಕ್ಕ, ಕಾಲು ಅಲುಗಲಿಲ್ಲ. ಆ ನಗುವಿಗೆ ಹೆದರಿದಷ್ಟು ನಾನು ಬಂಡಿಯ ಸದ್ದಿಗೂ ಹೆದರಿರಲಿಲ್ಲ.

ರಾಯಚೂರಿನ ದೊಡ್ಡ ಡಾಕ್ಟರು ಪೋಲಿಯೊ ಎಂದರು. ಮಾತು ಕೊಟ್ಟಂತೆ ನರ್ಸಮ್ಮ ಹನಿ ಹಾಕಲು ಮನೆಗೆ ಬಂದರು. ತೊಟ್ಟಿಲ ಹತ್ತಿರ ನಿಂತು ಅತ್ತರು.

ಈಗ ಆ ಕಟ್ಟೆ ಇಲ್ಲ, ಖಾಲಾ ಇಲ್ಲ, ಅವ್ವನೂ ಇಲ್ಲ. ನನ್ನ ಮೊಮ್ಮಕ್ಕಳಿಗೆ ಪೋಲಿಯೊ ಎಂದರೆ ಗೋಡೆ ಬರಹ ಅಷ್ಟೆ. ಹಳಬರು ಸೇರಿದಾಗ ಆ ವರ್ಷ ಹೋದವರನ್ನೆಲ್ಲ ನೆನೆದು, ನನ್ನ ಕಡೆ ತಿರುಗುತ್ತಾರೆ: “ನಿಮ್ಮ ಮನ್ಯಾಗ ಮಾತ್ರ ಏನೂ ಆಗ್ಲಿಲ್ಲ ನೋಡವಾ. ಪುಣ್ಯಾ ಮಾಡಿದ್ರಿ.” ಪಕ್ಕದಲ್ಲಿ ಕೋಲು ಊರಿ ಕೂತ ಬಸ್ಯಾ, ಹೌದೌದು ಎಂದು ತಲೆಯಾಡಿಸುತ್ತಾನೆ.